ವಾರಿಗೋಣು

ಆ ವರ್ಷ ಗದಗ-ಬೆಟಗೇರಿಯ ಸಿಟಿ ಬಸ್ಸುಗಳಲ್ಲಿ ತಲೆ ಓರೆ ಮಾಡಿಕೊಂಡು ಹತ್ತುವವರು ಹೆಚ್ಚಾದರು. ಬಸ್ಸು ಬಂದು ನಿಂತಿತೆಂದರೆ ಅವರು ಬಾಗಿಲ ಮುಂದೆ ತಡೆದು ನಿಂತು, ಕಿವಿ ಹೆಗಲಿಗೆ ತಾಗುವಷ್ಟು ಕತ್ತು ವಾಲಿಸಿ, ಮೆಟ್ಟಿಲನ್ನು ಒಮ್ಮೆ ದಿಟ್ಟಿಸಿ ನೋಡಿ, ಆಮೇಲೆ ಕಾಲು ಎತ್ತುತ್ತಿದ್ದರು. ಹಿಂದೆ ನಿಂತವರಿಗೆ ತಾಳ್ಮೆ ಎಲ್ಲಿಯದು? “ಮೆಟ್ಟಲಾ ಏನರ ಹೇಳತೈತೇನಬೇ, ಕಿವಿಗೊಟ್ಟು ಕೇಳಾಕತ್ತೀಯಲ್ಲ?” ಎಂದು ಕೂಗುತ್ತಿದ್ದರು. ಕಂಡಕ್ಟರುಗಳು ಇವರಿಗೆ ‘ವಾರಿಗೋಣಿನ ಮಂದಿ’ ಎಂದು ಹೆಸರಿಟ್ಟರು. ಗೋಣು ವಾರೆಯಾದವರು. ಹೆಸರು ಊರಿಗೆಲ್ಲ ಅಂಟಿತು.

ಇವರೆಲ್ಲ ಕಣ್ಣಿಗೆ ಪೊರೆ ಹಾಕಿಸಿಕೊಂಡವರು. ಪೊರೆ ತೆಗೆಸಿಕೊಂಡವರಲ್ಲ, ಹಾಕಿಸಿಕೊಂಡವರು. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸತ್ತು, ನೋಡಬೇಕೆಂದದ್ದೆಲ್ಲ ಕಪ್ಪು ಮಚ್ಚೆಯ ಹಿಂದೆ ಮರೆಯಾಗುತ್ತಿದ್ದವರಿಗೆ, ಗದಗಿನ ಹೊರಗೆ ಗಾಳಿಯಂತ್ರಗಳ ಸಾಲಿನ ಕೆಳಗಿದ್ದ ದೃಷ್ಟಿ ಕೇಂದ್ರ ಒಂದು ಉಪಾಯ ಕಂಡುಹಿಡಿದಿತ್ತು. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಪೊರೆ; ಅದರ ಮೈತುಂಬ ಬೆಳಕಿನ ಅಲೆಗಿಂತಲೂ ಸಣ್ಣ ಕಂಬಗಳು. ಒಳಬಂದ ಬೆಳಕನ್ನು ಆ ಕಂಬಗಳು ಬಾಗಿಸಿ, ಪರದೆಯಲ್ಲಿ ಇನ್ನೂ ಜೀವವಿರುವ ಚೂರುಗಳ ಮೇಲೆ ಹಂಚುತ್ತಿದ್ದವು. ಯಾರ ಕಣ್ಣಲ್ಲಿ ಯಾವ ಚೂರು ಉಳಿದಿದೆಯೋ ಆ ಪ್ರಕಾರ ಪೊರೆ. ಆದ್ದರಿಂದ ಒಬ್ಬೊಬ್ಬರ ಪೊರೆಯನ್ನೂ ಬೇರೆಬೇರೆಯಾಗಿ, ಬೆಳಕು ಅದರೊಳಗೆ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಹರಿಸಿ ನೋಡಿಯೇ ಮಾಡಬೇಕಿತ್ತು.

ಹಾಗೆ ಹರಿಸಿ ನೋಡುವ ಕೆಲಸ ಶಿವಲೀಲಾಳದು. ಅವಳ ಅಕ್ಕ ಕಾಶವ್ವನೂ ವಾರಿಗೋಣಿನವಳೇ.

ಕಾಶವ್ವ ನೇಕಾರಳು. ತಾಯಿ-ತಂದೆ ಬೇಗ ಹೋದ ಮೇಲೆ ಬೆಟಗೇರಿಯ ಮನೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವಳು, ಕುಬಸದ ಖಣ ನೇಯುತ್ತಲೇ ತಂಗಿಯನ್ನು ಎಂಜಿನಿಯರ್ ಮಾಡಿದ್ದಳು. ಕಣ್ಣು ಹೋದ ನಾಲ್ಕು ವರ್ಷ ಮಗ್ಗದ ಮೇಲೆ ಹಳೆಯ ದುಪ್ಪಟಿ ಹೊದಿಸಿಟ್ಟಿದ್ದಳು. ಪೊರೆ ಹಾಕಿಸಿಕೊಂಡು ಬಂದ ದಿನ ತಂಗಿಯ ಗದ್ದ ಹಿಡಿದು ನೋಡಿ, “ಎಷ್ಟ ಸೊರಗೀಯಲೇ! ಕನ್ನಡಿ ನೋಡಾಕ ನಿನಗೂ ಕಣ್ಣಿದ್ದಿಲ್ಲೇನು?” ಎಂದಿದ್ದಳು. ಮರುದಿನವೇ ದುಪ್ಪಟಿ ತೆಗೆದಳು.

ಅದಾಗಿ ಎರಡು ವರ್ಷ. ಈಗ ಕಾಶವ್ವ ಬಲಗಿವಿಯನ್ನು ಹೆಗಲಿಗೆ ಒರಗಿಸಿಕೊಂಡೇ ನೇಯುತ್ತಿದ್ದಳು. ಹಾಗೆ ಮಾಡಿದರೆ ಎಳೆ ಚೆನ್ನಾಗಿ ಕಾಣುತ್ತದೆ ಎನ್ನುವುದಷ್ಟೇ ಅವಳಿಗೆ ಗೊತ್ತು. ಮೊದಲು ಕುತ್ತಿಗೆ ನೋವು ಬಂತು. ಆಮೇಲೆ ಬಲಗೈಯ ಬೆರಳುಗಳು ಜೋಮು ಹಿಡಿದು, ಲಾಳಿ ಕೈಯಿಂದ ಜಾರಿ ಬೀಳತೊಡಗಿತು. ಡಾಕ್ಟರು ಫೋಟೋ ತೆಗೆದು, ಕತ್ತಿನ ಮಣಿಗಳ ನಡುವೆ ನರ ಸಿಕ್ಕಿದೆ, ತಲೆ ವಾಲಿಸುವುದನ್ನು ಬಿಡದಿದ್ದರೆ ಕೈ ಪೂರ್ತಿ ಹೋಗುತ್ತದೆ ಎಂದು ಕೊರಳಿಗೆ ಪಟ್ಟಿ ಕಟ್ಟಿ ಕಳಿಸಿದರು.

“ಗೋಣು ನೆಟ್ಟಗ ಇಟಗೊಂಡು ನೇಯಬೇಕಂತ,” ಎಂದಳು ಕಾಶವ್ವ. “ನೆಟ್ಟಗ ಇಟಗೊಂಡ್ರ ಹಾಸಿನ ಎಳಿ ಹಾಸಿನ್ಯಾಗ ಇರೂದುಲ್ಲ. ಹಾಲ ಚೆಲ್ಲಿದಂಗ ಆಕ್ಕೈತಿ. ಏನ ನೇಯಲಿ, ಹಾಲ ನೇಯಲೇನು?”

“ರೂಢಿ ಆಗೇತಿ ಅಕ್ಕಾ ನಿನಗ. ಅದಕ್ಕ ವಾಲಸ್ತಿ.”

“ಹಂಗಾರ ಈ ಊರ ಮಂದೀಗೆಲ್ಲ ಒಮ್ಮಿಗೇ ರೂಢಿ ಆತೇನು?”

ಕೇಂದ್ರದಲ್ಲಿಯೂ ಇದೇ ಮಾತು ಎದ್ದಿತ್ತು. ಪೊರೆಗೆ ಒಗ್ಗಿಕೊಳ್ಳುವಾಗ ಬರುವ ಚಟ, ತಾನಾಗಿ ಹೋಗುತ್ತದೆ ಎಂದು ಬರೆದು ಮುಗಿಸಿದ್ದರು. ಯಾಕೆಂದರೆ ಪರೀಕ್ಷೆಯಲ್ಲಿ ಎಲ್ಲರೂ ಪಾಸು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಪಟಪಟನೆ ಓದುತ್ತಿದ್ದರು.

ಯುಗಾದಿಯ ಹಿಂದಿನ ಭಾನುವಾರ ಶಿವಲೀಲಾ ಹೊಸ ಕ್ಯಾಲೆಂಡರ್ ತಂದು ಗೋಡೆಗೆ ಹಾಕಿದಳು. ಕಾಶವ್ವ ಕೊರಳಪಟ್ಟಿ ಕಟ್ಟಿಕೊಂಡೇ ಅದರ ಮುಂದೆ ನಿಂತು, ಅಮಾವಾಸ್ಯೆ ಯಾವತ್ತು, ಹಬ್ಬ ಯಾವತ್ತು ಎಂದು ಸಣ್ಣ ಅಕ್ಷರಗಳನ್ನೆಲ್ಲ ಓದಿ, ಮೆಚ್ಚಿಕೊಂಡು ಹೇಳಿದಳು:

“ಈ ವರ್ಷದ್ದು ಛಲೋ ಮಾಡ್ಯಾರ. ಆ ಸುಡುಗಾಡ ಖಾನಿ ಎಲ್ಲಾ ತಗದ ಒಗದಾರ. ಅಂಕಿ ಎಷ್ಟ ಅರಾಮ ಕುಂತಾವು ನೋಡು, ಅಂಗಳದಾಗ ಮಂದಿ ಕುಂತಂಗ.”

ಶಿವಲೀಲಾ ಚಹಾದ ಬಸಿ ಕೆಳಗಿಟ್ಟಳು. ಕ್ಯಾಲೆಂಡರಿನಲ್ಲಿ ಖಾನೆಗಳು ಇದ್ದವು. ದಪ್ಪ ನೀಲಿ ಗೆರೆಯ, ಬೆರಳಿಟ್ಟರೆ ಮಸಿ ಹತ್ತುವಂಥ ಖಾನೆಗಳು.

“ಅಕ್ಕಾ, ಪಟ್ಟಿ ಬಿಚ್ಚು. ಗೋಣ ವಾಲಿಸಿ ನೋಡು.”

ಕಾಶವ್ವ ಕತ್ತು ವಾಲಿಸಿದಳು. “ಅಯ್ಯ, ಎಲ್ಲಿಂದ ಬಂದೂ ಇವು?” ಎಂದಳು.

*

ಬೆಳಕು ಅಲೆ. ಕಂಪ್ಯೂಟರಿಗೆ ಅಲೆ ಎಂದರೇನು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿ. ಆದ್ದರಿಂದ ಬೆಳಕು ಹರಿಯುವ ಜಾಗವನ್ನೆಲ್ಲ ಅತಿ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದು ಚೌಕದ ಅಂಕಿಯನ್ನು ಪಕ್ಕದ ಚೌಕಕ್ಕೆ ದಾಟಿಸುತ್ತ ಹೋಗುತ್ತಾರೆ. ಮಗ್ಗದ ಮೇಲೆ ಹಾಸೂ ಹೊಕ್ಕೂ ಕೂಡಿ ಬಟ್ಟೆಯಾದ ಹಾಗೆ, ಈ ಚೌಕಗಳ ಜಾಲದ ಮೇಲೆ ಅಲೆ ಮೂಡುತ್ತದೆ. ಆದರೆ ನಿಜವಾದ ಬೆಳಕಿಗೆ ಎಲ್ಲ ದಿಕ್ಕೂ ಒಂದೇ, ಜಾಲದ ಬೆಳಕಿಗೆ ಹಾಗಲ್ಲ. ಚೌಕಗಳ ಸಾಲು ಹಿಡಿದು ನೆಟ್ಟಗೆ ಹೋಗುವ ಅಲೆ ತುಸು ಹಿಂದುಳಿಯುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗುವ ಅಲೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ. ಒಂದು ಚೌಕದಲ್ಲಿ ಆಗುವ ತಪ್ಪು ಲೆಕ್ಕಕ್ಕೇ ಬಾರದಷ್ಟು. ಆದರೆ ಅಲೆ ದಾಟಬೇಕಾದ ಚೌಕಗಳು ಸಾವಿರಾರು, ತಪ್ಪು ಕೂಡುತ್ತ ಹೋಗುತ್ತದೆ.

ಇದು ಕೇಂದ್ರದಲ್ಲಿ ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಚೌಕ ಅರ್ಧ ಮಾಡಿದರೆ ತಪ್ಪು ಕಾಲು ಪಾಲಿಗೆ ಇಳಿಯುತ್ತದೆ. ಕೆಲಸ ಮಾತ್ರ ಹದಿನಾರು ಪಟ್ಟು ಏರುತ್ತದೆ. ಹೊರಗೆ ಬಾಗಿಲಲ್ಲಿ ಕುರುಡರ ಸರದಿ ನಿಂತಿತ್ತು. ಇಷ್ಟು ತಪ್ಪು ಕಣ್ಣಿಗೆ ಗೊತ್ತಾಗುವುದಿಲ್ಲ ಎಂದುಕೊಂಡರು. ಗೊತ್ತಾಗುತ್ತದೋ ಇಲ್ಲವೋ ನೋಡಲೆಂದೇ ಪರೀಕ್ಷೆಯೂ ಇತ್ತಲ್ಲ.

ಆ ಪರೀಕ್ಷೆಯ ಬಗ್ಗೆ ಅವರಿಗೆಲ್ಲ ಬಲು ಹೆಮ್ಮೆ. ಬೇರೆ ಕಡೆಗಳಲ್ಲಿ ಗೋಡೆಗೆ ಇಂಗ್ಲಿಷ್ ಅಕ್ಷರಗಳ ಹಲಗೆ ಹಾಕುತ್ತಾರೆ. ಓದು ಬಾರದವರಿಗೆ ಮೂರು ಹಲ್ಲಿನ ಬಾಚಣಿಗೆಯಂಥ ಇಂಗ್ಲಿಷ್ ಇ ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ತೋರಿಸುತ್ತಾರೆ. ಕೇಂದ್ರದ ಮುಖ್ಯಸ್ಥ ದೇಸಾಯಿ ಸರ್ ಮೊದಲ ಸಭೆಯಲ್ಲೇ ಅದನ್ನು ಕಿತ್ತು ಬಿಸಾಕಿದ್ದರು. “ನಮ್ಮ ಮಂದಿ ಕಣ್ಣು, ನಮ್ಮ ಅಕ್ಷರ,” ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅ, ಠ, ರ, ಲ, ಥ, ಬ. ಓದು ಬಾರದವರಿಗೆ ಮಾವಿನಹಣ್ಣು, ಕೊಡ, ಸೂರ್ಯ.

ಸೋಮವಾರ ಬೆಳಿಗ್ಗೆ ಶಿವಲೀಲಾ ಆ ಹಲಗೆಯ ಮುಂದೆ ನಿಂತು, ಜೊತೆಯ ಕೆಲಸಗಾರ ಫಯಾಜ್ ಮುಲ್ಲಾನನ್ನು ಕರೆದಳು.

“ಫಯಾಜ್, ಇದರಾಗ ನೆಟ್ಟಗ ನಿಂತ ಗೆರಿ ಒಂದ ತೋರಿಸು.”

ಫಯಾಜ್ ಕಣ್ಣು ಕಿರಿದು ಮಾಡಿದ. “ಠ... ಇಲ್ಲರಿ. ಅ, ಇಲ್ಲ. ತಲಿಕಟ್ಟು ನೋಡ್ರಿ, ತಲಿಕಟ್ಟು...” ಎಂದವನು ಅಲ್ಲೇ ನಿಲ್ಲಿಸಿದ. ತಲೆಕಟ್ಟೂ ಓರೆಯೇ. ಉಳಿದದ್ದೆಲ್ಲ ಗುಂಡು. ಮಾವಿನಹಣ್ಣು ಗುಂಡು, ಕೊಡ ಗುಂಡು, ಸೂರ್ಯನಂತೂ ಕೇಳುವುದೇ ಬೇಡ. ಪೊರೆ ಅಳಿಸುತ್ತಿದ್ದುದು ನೆಟ್ಟನೆಯ, ಅಡ್ಡನೆಯ ಗೆರೆಗಳನ್ನು; ಪರೀಕ್ಷೆಯಲ್ಲಿ ಅಂಥ ಗೆರೆಯೇ ಇರಲಿಲ್ಲ.

“ಮೇಡಂ,” ಎಂದ ಮೆಲ್ಲಗೆ, “ಆ ದರಿದ್ರ ಇ ಒಂದ ಇದ್ದಿದ್ರ ಮೊದಲನೇ ದಿವಸಾನ ಸಿಕ್ಕ ಬೀಳತಿದ್ವಿ.”

*

ತಪ್ಪನ್ನು ತೆಗೆಯುವುದು ಹೇಗೆಂದು ಶಿವಲೀಲಾಳಿಗೆ ಹೊಳೆಯಲು ಹೆಚ್ಚು ದಿನ ಬೇಕಾಗಲಿಲ್ಲ. ಇದು ಮೊದಲೇ ಹೊಳೆಯಲಿಲ್ಲವಲ್ಲ ಎಂಬುದೇ ಅವಳ ಸಂಕಟ. ಚೌಕ ಸಣ್ಣದು ಮಾಡಬೇಕಿರಲಿಲ್ಲ. ಪ್ರತಿ ಚೌಕವೂ ತನ್ನ ಎಡಬಲ, ಮೇಲುಕೆಳಗಿನ ನೆರೆಯವರ ಮಾತನ್ನಷ್ಟೇ ಕೇಳುತ್ತಿತ್ತು. ಮೂಲೆಯ ನೆರೆಯವರನ್ನೂ ಅವರಾಚೆಯವರನ್ನೂ ಕೇಳುವಂತೆ ಮಾಡಿ, ಯಾರ ಮಾತಿಗೆ ಎಷ್ಟು ತೂಕ ಎಂಬುದನ್ನು ಹದವಾಗಿ ಕಟ್ಟಬೇಕಿತ್ತು, ಅಷ್ಟೇ. ಆ ಹದ ಸಿಗಲು ಕೆಲವು ವಾರ ಹಿಡಿಯಿತು. ತೂಕ ಒಂಚೂರು ಹೆಚ್ಚಾದರೆ ಅಂಕಿಗಳೆಲ್ಲ ಉಕ್ಕಿ ಸಿಡಿದುಹೋಗುತ್ತಿದ್ದವು.

ಪರೀಕ್ಷೆ ಸುಲಭ. ಜಾಲದ ನಡುವೆ ಬೆಳಕಿನ ಒಂದು ಹನಿ ಬಿಡುವುದು. ಕೆರೆಗೆ ಕಲ್ಲು ಬಿದ್ದಂತೆ ಅದರ ಉಂಗುರ ಹರಡುತ್ತದೆ. ಹಳೆಯ ಲೆಕ್ಕದಲ್ಲಿ ಉಂಗುರ ದೂರ ಹೋದಂತೆ ನಾಲ್ಕು ಕಡೆ ಒತ್ತಿದಂತಾಗಿ ಸೊಟ್ಟಗಾಗುತ್ತಿತ್ತು. ಹದ ಸಿಕ್ಕ ದಿನ ಮಧ್ಯಾಹ್ನ ಪರದೆಯ ಅಂಚಿನವರೆಗೂ ಅದು ದುಂಡಗೆ ಹೋಯಿತು.

“ಈಗ ಬಂತ್ ನೋಡ್ರಿ ರೊಟ್ಟಿ ದುಂಡಗ!” ಫಯಾಜ್ ಮೇಜು ಕುಟ್ಟಿದ. “ನಮ್ಮವ್ವ ನೋಡಿದ್ರ ರೊಟ್ಟಿ ಬಡಿಯಾಕ ನಿಮ್ಮನ್ನ ಇವತ್ತ ತನ್ನ ಖಾನಾವಳಿಗೆ ಕರಕೊಂಡ ಹೋಗತಿದ್ಲು.”

ಶಿವಲೀಲಾ ನಕ್ಕಳು. ಬಹಳ ದಿನಗಳ ಮೇಲೆ ನಕ್ಕದ್ದು. ನಗುತ್ತಲೇ, “ಅಕ್ಕನ ಪೊರಿ ತಗಿ,” ಎಂದಳು.

ಕಾಶವ್ವನ ಪೊರೆಯ ನಕ್ಷೆ ಕೇಂದ್ರದಲ್ಲೇ ಇತ್ತು. ಅದರೊಳಗೆ ಈಗ ಸರಿಯಾದ ಬೆಳಕನ್ನು ಹರಿಸಿದರೆ ಕಾಶವ್ವನಿಗೆ ಏನು ಕಾಣುತ್ತದೆಯೋ ಅದು ಕಾಣುತ್ತದೆ. ಶಿವಲೀಲಾ ತನ್ನ ಫೋನಿನಲ್ಲಿದ್ದ ಮನೆಯ ಪಡಸಾಲೆಯ ಚಿತ್ರ ಕೊಟ್ಟಳು. ಕಂಪ್ಯೂಟರು ಹೊತ್ತು ತೆಗೆದುಕೊಂಡಿತು. ಆಮೇಲೆ ಪರದೆಯ ಮೇಲೆ ಮನೆ ಮೂಡಿತು.

ಕೊಡ ಇತ್ತು, ಹೊಳೆಯುತ್ತಿತ್ತು. ಗೋಡೆಯ ಮೇಲೆ ಅಪ್ಪನ ಮುಖ ಇತ್ತು, ಮೀಸೆಯ ಕೂದಲು ಎಣಿಸಬಹುದಿತ್ತು. ಮುಖದ ಸುತ್ತ ಚೌಕಟ್ಟು ಇರಲಿಲ್ಲ. ಬಾಗಿಲು ಇರಲಿಲ್ಲ, ಬೆಳಕಿನ ಒಂದು ಕಲೆ ಇತ್ತು. ಪಡಸಾಲೆಗೂ ಅಂಗಳಕ್ಕೂ ನಡುವಿನ ಮೆಟ್ಟಿಲು ಕರಗಿ ನೆಲವಾಗಿತ್ತು. ಮಗ್ಗ ಇದ್ದಲ್ಲಿ ಬಿಳಿ ಮಂಜು. ನೂರಾರು ಎಳೆಗಳು ಒಂದರೊಳಗೊಂದು ಕಲಸಿಹೋಗಿದ್ದವು. ಹಾಲು ಚೆಲ್ಲಿದಂತೆ ಎಂದು ಅಕ್ಕ ಹೇಳಿದ್ದು ಹೋಲಿಕೆಯಲ್ಲ. ಅವಳು ಕಂಡದ್ದನ್ನೇ ಹೇಳಿದ್ದಳು.

ಫಯಾಜ್ ಮೌಸ್ ಹಿಡಿದು ಚಿತ್ರವನ್ನು ಓರೆಯಾಗಿ ತಿರುಗಿಸಿ ಮತ್ತೆ ಹರಿಸಿದ. ಎಳೆಗಳು ಒಂದೊಂದಾಗಿ ಬಂದವು.

*

ದೇಸಾಯಿ ಸರ್ ಎಲ್ಲವನ್ನೂ ನೋಡಿದರು. ಕೆಟ್ಟ ಮನುಷ್ಯನಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಮುಂದಿನವರಿಗೆ ಹೊಸ ಲೆಕ್ಕದ ಪೊರೆ. ಇವತ್ತಿಂದಾನ. ನೀವು ದೊಡ್ಡ ಕೆಲಸ ಮಾಡೀರಿ, ಶಿವಲೀಲಾ.”

“ಹಿಂದಿನವರಿಗೆ ಸರ್?”

ಅವರು ಪಕ್ಕದಲ್ಲಿದ್ದ ಶಸ್ತ್ರಚಿಕಿತ್ಸೆಯ ಡಾಕ್ಟರ್ ಸುಮತಿ ಹಂಜಿಯವರ ಕಡೆ ನೋಡಿದರು. ಆಕೆ ತಗ್ಗಿದ ದನಿಯಲ್ಲಿ ವಿವರಿಸಿದರು. ಪೊರೆ ಹಾಕಿದ ಕೆಲವೇ ತಿಂಗಳಲ್ಲಿ ಕಣ್ಣಿನ ಪರದೆ ಅದನ್ನು ತನ್ನೊಳಗೆ ಬೆಳೆಸಿಕೊಂಡುಬಿಡುತ್ತದೆ. ಎಳೆದರೆ ಪರದೆಯೂ ಜೊತೆಗೆ ಬರುತ್ತದೆ, ಉಳಿದ ಜೀವದ ಚೂರುಗಳೂ ಹೋಗುತ್ತವೆ. ಇದ್ದಲ್ಲೇ ತುಸು ತಿರುಗಿಸುವುದೂ ಆಗದು.

“ಮ್ಯಾಲೆ ಕನ್ನಡಕ ಕೊಟ್ರ?”

“ಕನ್ನಡಕ ಮೂಗಿನ ಮ್ಯಾಲೆ ಇರತದ, ತಪ್ಪು ಕಣ್ಣಿನ ಒಳಗ ಅದ. ಕಣ್ಣು ಆಕಡೆ ಈಕಡೆ ಹೊಳ್ಳಿದ ಕೂಡಲೇ ಎರಡಕ್ಕೂ ಹೊಂದಾಣಿಕಿ ತಪ್ಪತದ. ಹೋದ ವಾರ ಚಿತ್ರಾನ ಓರೆ ಮಾಡೋ ಗಾಜೂ ಹಾಕಿ ನೋಡೀವಿ. ಹಾಕ್ಕೊಂಡವರು ನಾಕ ಹೆಜ್ಜಿ ನಡದು ವಾಂತಿ ಮಾಡ್ಕೊಂಡ್ರು.”

ಯಾರೂ ಸುಳ್ಳು ಹೇಳುವುದು ಬೇಡ ಎಂದು ದೇಸಾಯಿ ಸರ್ ಗಟ್ಟಿಯಾಗಿ ಹೇಳಿದರು. ಪೊರೆ ಹಾಕಿಸಿಕೊಂಡವರನ್ನೆಲ್ಲ ಕೇಂದ್ರದ ಸಭಾಂಗಣಕ್ಕೆ ಕರೆದು, ಆದದ್ದನ್ನು ಆದ ಹಾಗೆ ತಿಳಿಸಬೇಕು. ತಿಳಿಸುವವರು ಶಿವಲೀಲಾ, ಅವರ ಭಾಷೆಯಲ್ಲಿ ಹೇಳಲು ಬರುವುದು ಅವಳಿಗೇ.

ಅವಳು ಹೇಳಿದಳು. ಚೌಕ, ಅಲೆ, ನೆಟ್ಟಗೆ, ಓರೆ. ಎದುರಿಗೆ ಸಭಾಂಗಣ ತುಂಬ ತಲೆಗಳು, ಪರದೆಯ ಮೇಲಿನ ಚಿತ್ರ ಕಾಣಲೆಂದು ಎಲ್ಲವೂ ವಾಲಿದ್ದವು, ಗಾಳಿಗೆ ಒರಗಿದ ಜೋಳದ ಹೊಲದ ಹಾಗೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ನಿಲ್ಲಲು ಒಂದು ಆಸರೆಯಾಗುತ್ತಿತ್ತು. ಒಬ್ಬ ಹೆಂಗಸು, ಮಾಳಿಗೆಯ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡವಳು, “ಹಂಗಾರ ಇದು ಯಾವಾಗ ನೆಟ್ಟಗ ಆಕ್ಕೈತ್ರಿ?” ಎಂದು ಕೇಳಿದಳು. ಅದು ಆಗುವುದಿಲ್ಲವೆಂದೇ ಶಿವಲೀಲಾ ಇಷ್ಟು ಹೊತ್ತು ಹೇಳಿದ್ದು. ಮತ್ತೊಮ್ಮೆ ಹೇಳಿದಳು. ಹೆಂಗಸು ತಲೆಯಾಡಿಸಿ, ಕೇಳಿಸಿಕೊಂಡು, “ಹೌದ್ರಿ, ಆದ್ರ ಯಾವಾಗ?” ಎಂದಳು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದ. “ಎಲ್ಲಾ ತಿಳೀತು ತಂಗಿ. ಅದೊಂದ ಹೇಳಿಬಿಡು. ಗೋಣು ಎಡಕ್ಕ ವಾಲಿಸಿದ್ರ ಛಲೋನೋ, ಬಲಕ್ಕೋ?”

ಜನ ನಕ್ಕರು. ಶಿವಲೀಲಾ ಯೋಚಿಸಿ ಉತ್ತರ ಕೊಟ್ಟಳು. “ಎರಡೂ ಒಂದ ಅಜ್ಜಾ. ದಿನಾ ಬದಲಿ ಮಾಡ್ರಿ, ಅಂದ್ರ ಕುತಗಿ ಒಂದ ಕಡೆ ನೋಯೂದಿಲ್ಲ.” ಆ ಸಭೆಯಲ್ಲಿ ಅವಳಿಂದ ಯಾರಿಗಾದರೂ ಉಪಯೋಗಕ್ಕೆ ಬಂದ ಮಾತು ಅದೊಂದೇ. ಮುದುಕ ಅದನ್ನು ಪಕ್ಕದವನಿಗೂ ತಿಳಿಸಿ ಹೇಳುತ್ತಿದ್ದ.

*

ಕಾಶವ್ವ ಸಭೆಗೆ ಬಂದಿರಲಿಲ್ಲ. “ನೀ ಹೇಳೂದು ಕೇಳಾಕ ಅಲ್ಲೀತನಕ ಯಾಕ ಬರಲಿ?” ಎಂದಿದ್ದಳು. ಸಂಜೆ ತಂಗಿ ಮನೆಗೆ ಬಂದಾಗ ಮಗ್ಗದ ದಂಡೆಯ ಮೇಲೆ ಕೂತಿದ್ದಳು. ಶಿವಲೀಲಾ ಬಾಯಿ ತೆರೆಯುವ ಮೊದಲೇ, “ಆಗೂದುಲ್ಲ ಅಂದ್ರಲ್ಲ?” ಎಂದಳು.

“ಹೌದಕ್ಕಾ.”

“ಒಟ್ಟ?”

“ತಗದ್ರ ಕಣ್ಣ ಹೋಗತಾವು. ಒಂದ ಕಣ್ಣು ಪ್ರಯತ್ನ ಮಾಡಬಹುದು, ನೂರರಾಗ ಒಬ್ಬರಿಗೆ...”

“ನೂರರಾಗ ಒಬ್ಬಾಕಿ ನಾ ಯಾವಾಗರ ಆಗೇನೇನು?” ಕಾಶವ್ವ ಕೈ ಚಾಚಿದಳು. ಬೆರಳುಗಳು ಅರ್ಧ ಮಡಚಿಕೊಂಡಿದ್ದವು. “ನಿನ್ನ ಮಾರಿ ಕಾಣತೈತಿ. ಓದಾಕ ಬರತೈತಿ. ಇದನ್ನ ಕಳಕೊಂಡು ಮತ್ತ ಆ ಕತ್ತಲಿಗೆ ಹೋಗಂದ್ರ ನಾ ಒಲ್ಲೆ. ಅಳಬ್ಯಾಡ. ಮಾರಿ ಗುಂಡಗ ಐತಿ ನಿಂದು, ಅತ್ರೂ ಛಂದ ಕಾಣತೈತಿ.”

“ನಾವ ಮಾಡಿದ ತಪ್ಪು ಅಕ್ಕಾ ಇದು. ಈಗ ಎಲ್ಲಾ ಸರಿ ಮಾಡೇನಿ. ಲೆಕ್ಕದಾಗ ಒಂದೀಟೂ ತಪ್ಪಿಲ್ಲ.”

“ಆಮ್ಯಾಲಿಂದವರಿಗೆ ಛಲೋ ಆತು.” ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎಂದು ಶಿವಲೀಲಾಳಿಗೆ ಅನ್ನಿಸಿತು.

ಮಗ್ಗದ ಮೇಲೆ ಅರ್ಧ ನೇಯ್ದ ಖಣವೊಂದು ಹಾಗೇ ಇತ್ತು. ಅವರ ಮನೆಯಲ್ಲಿ ಏರಿಸಿದ ಹಾಸನ್ನು ನೇಯ್ದು ಮುಗಿಸದೆ ಮಗ್ಗದಿಂದ ಇಳಿಸಿದ್ದಿಲ್ಲ. ಅಪ್ಪ ಜ್ವರದಲ್ಲಿ ಮಲಗಿದಾಗ ಅವ್ವ ಮುಗಿಸಿದ್ದಳು, ಅವ್ವ ಹೋದಾಗ ಕಾಶವ್ವ ಮುಗಿಸಿದ್ದಳು. ಕಾಶವ್ವ ತಂಗಿಯ ಕಡೆ ತಿರುಗಿದಳು.

“ನಿನಗ ಎಳಿ ಕಾಣತಾವಲ್ಲ. ಕುಂದರು.”

“ನನಗ ಬರೂದುಲ್ಲಕ್ಕಾ.”

“ಗೊತ್ತೈತಿ. ನಾನ ಕಲಸಲಿಲ್ಲ, ಓದು ಅಂದೆ. ಕುಂದರು, ನಾ ಹೇಳತೇನಿ.”

ಶಿವಲೀಲಾ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳು. ಅವಳ ಎದುರು ಹಾಸಿನ ಎಳೆಗಳು ಒಂದೊಂದೂ ಬೇರೆಬೇರೆಯಾಗಿ, ತಂತಿಯಂತೆ ನೆಟ್ಟಗೆ, ಆಚೆಯ ಗೋಡೆಯವರೆಗೂ ಹೋಗಿದ್ದವು. ಅಕ್ಕ ಹೇಳಿದಂತೆ ಕಾಲು ಒತ್ತಿದಳು, ಲಾಳಿ ಎಸೆದಳು. ಲಾಳಿ ನಡುದಾರಿಯಲ್ಲಿ ಮೂಗು ಬಗ್ಗಿಸಿ ಎಳೆಗಳೊಳಗೆ ಹೊಕ್ಕು ನಿಂತಿತು. ಎರಡು ಎಳೆ ಕಡಿದವು. ಕಡಿದದ್ದು ಎಲ್ಲಿ ಎಂದು ಅವಳಿಗೆ ಕಂಡಿತು, ಗಂಟು ಹಾಕಲು ಬೆರಳು ಬಗ್ಗಲಿಲ್ಲ. ಅಕ್ಕ ಬಗ್ಗಿ ಬೆರಳು ತಂದಳು. ಜೋಮು ಹಿಡಿದ ಬೆರಳಲ್ಲಿ ಎಳೆ ನಿಲ್ಲಲಿಲ್ಲ. ಶಿವಲೀಲಾ ಮತ್ತೆ ಮತ್ತೆ ಲಾಳಿ ಎಸೆದಳು. ಇನ್ನೂ ನಾಲ್ಕು ಎಳೆ ಹೋದವು. ನೇಯ್ದ ಹೊಸ ಅಂಗುಲ ಸೊಟ್ಟಗೆ, ಒಂದು ಕಡೆ ಬಿಗಿದು ಒಂದು ಕಡೆ ಜೋತು ಬಿದ್ದಿತ್ತು.

“ಹೆಂಗ ಬಂತು?” ಕಾಶವ್ವ ಕೇಳಿದಳು. ಅವಳಿಗೆ ಅದು ಕಾಣಲೇ ಇಲ್ಲ.

ಶಿವಲೀಲಾ ಸುಳ್ಳು ಹೇಳಬೇಕೆಂದುಕೊಂಡಳು, ಆಗಲಿಲ್ಲ. “ಕೆಟ್ಟೈತಿ ಅಕ್ಕಾ.”

ಕಾಶವ್ವ ಬಟ್ಟೆಯ ಮೇಲೆ ಅಂಗೈ ಆಡಿಸಿದಳು. ತಾನು ನೇಯ್ದದ್ದು ಎಲ್ಲಿ ಮುಗಿಯಿತು, ತಂಗಿಯದು ಎಲ್ಲಿ ಶುರುವಾಯಿತು ಎನ್ನುವುದನ್ನು ಹುಡುಕಿದಳು. ಬೆರಳಿಗೆ ಗೊತ್ತಾಗಲಿಲ್ಲ. ಅಭ್ಯಾಸದಂತೆ ಕತ್ತು ವಾಲಿಸಹೋಗಿ, ಪಟ್ಟಿ ತಡೆದು, ನೋವಿಗೆ ಹಲ್ಲು ಕಚ್ಚಿ ಮತ್ತೆ ನೆಟ್ಟಗಾದಳು.

“ಕತ್ತರಿ ಕೊಡು,” ಎಂದಳು.

“ಬ್ಯಾಡಕ್ಕಾ, ಓಣ್ಯಾಗಿನ ಯಾರನ್ನರ ಕರದು ಮುಗಸೂಣು...”

“ಮಂದಿ ಕೈಲೆ ಯಾಕ? ಕೊಡು. ನಾ ನೇಯ್ದಷ್ಟು ನಂದು. ಅದನ್ನ ಮಡಚಿ ಇಡೂಣು.”

ಶಿವಲೀಲಾ ಗೂಡಿನಿಂದ ಕತ್ತರಿ ತಂದು ಅಕ್ಕನ ಕೈಗಿಟ್ಟಳು. ಕಾಶವ್ವ ಎರಡೂ ಕೈಯಲ್ಲಿ ಅದನ್ನು ಹಿಡಿದು, ಬಟ್ಟೆಯ ಅಂಚಿಗೆ ತಂದು ನಿಲ್ಲಿಸಿದಳು.

“ನೆಟ್ಟಗ ಬರಬೇಕು. ಗೆರಿ ಎಲ್ಲಿ ಐತಿ? ಬಟ್ಟ ಇಡು.”

ಶಿವಲೀಲಾ ಅಕ್ಕ ನೇಯ್ದ ಹೊಕ್ಕಿನ ಕೊನೆಯ ಎಳೆಯ ಮೇಲೆ ಬೆರಳಿಟ್ಟಳು. ಕತ್ತರಿ ಅದನ್ನು ಮುಟ್ಟಿತು. ಅವಳು ಬೆರಳನ್ನು ಒಂದಿಷ್ಟು ಮುಂದೆ ಸರಿಸಿದಳು, ಕತ್ತರಿ ಹಿಂದೆಯೇ ಬಂತು. ಬಿಗಿದಿದ್ದ ಎಳೆಗಳು ಕತ್ತರಿಸಿದಂತೆಲ್ಲ ಟಪಟಪನೆ ಹಿಂದಕ್ಕೆ ಹಾರಿ ಗೋಡೆಯ ಬದಿಗೆ ಸುರುಳಿ ಸುತ್ತಿಕೊಂಡವು.

“ಇನ್ನೂ ಐತೇನು?”

“ಐತಿ ಅಕ್ಕಾ,” ಎಂದಳು ಶಿವಲೀಲಾ. ಬೆರಳು ಮುಂದೆ ಸರಿಸಿದಳು.